ಒಣಗದ ಚಿತ್ರ, ತಾಳೆಯಾಗದ ಲೆಕ್ಕ

ನಿವೃತ್ತಿಯ ನಂತರ ಹೊಸ ಕಲೆಯೊಂದನ್ನು ಕಲಿಯಲು ಹೊರಟು, ಆ ಕಲಿಕೆಯಿಂದಲೇ ನಿದ್ದೆ ಕಳೆದುಕೊಂಡು ಆಪ್ತಸಲಹೆಗೆ ಬರುವವರನ್ನು ನಾನು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಒಬ್ಬರಿಗೆ ವೀಣೆ, ಇನ್ನೊಬ್ಬರಿಗೆ ಸಂಸ್ಕೃತ, ಮತ್ತೊಬ್ಬರಿಗೆ ತೈಲವರ್ಣ. ದೂರು ಮಾತ್ರ ಒಂದೇ ಬಗೆಯದು. "ಸುಮ್ಮನೆ ಕೂರಬೇಡಿ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎಂದು ಮಕ್ಕಳೂ ವೈದ್ಯರೂ ಹೇಳಿರುತ್ತಾರೆ. ಹವ್ಯಾಸವೂ ಮೊದಲ ಒಂದೆರಡು ವರ್ಷ ಮನುಷ್ಯನ ಮಾನ ಕಳೆಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿಯೇ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಶಾರದಮ್ಮ ಎನ್ನೋಣ. ಬ್ಯಾಂಕ್ ಅಧಿಕಾರಿಯಾಗಿದ್ದು ನಿವೃತ್ತರಾದವರು, ಊರು ಮೈಸೂರು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವರಿಗೆ ಎಣ್ಣೆಬಣ್ಣದ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ವಾರಕ್ಕೆರಡು ದಿನ ಗುರುಗಳೊಬ್ಬರ ಮನೆಯಲ್ಲಿ ಪಾಠ. ಬೆಂಗಳೂರಿನಲ್ಲಿರುವ ಮಗ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಅಮ್ಮನೇ ಬರೆದ ಚಿತ್ರ ಬೇಕೆಂದು ಕೇಳಿದ್ದ. ನನ್ನ ಬಳಿ ಅವರನ್ನು ಕರೆತಂದವರು ಯಜಮಾನರು: "ನಡುರಾತ್ರಿ ಎದ್ದುಹೋಗಿ ಬರೆದದ್ದನ್ನೆಲ್ಲ ಕೆರೆದುಹಾಕುತ್ತಾಳೆ ಮೇಡಂ, ಬೆಳಿಗ್ಗೆ ಕೂತು ಅಳುತ್ತಾಳೆ." ಹಸಿವು, ಮಿಕ್ಕ ಆಸಕ್ತಿಗಳು, ಬದುಕಿನ ಬಗೆಗಿನ ಮಾತು ಎಲ್ಲವನ್ನೂ ವಿಚಾರಿಸಿದೆ, ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಬೆಳಗಿನ ನಡಿಗೆ, ಮೊಮ್ಮಗಳೊಂದಿಗೆ ಫೋನು, ಹಬ್ಬ ಹುಣ್ಣಿಮೆ ಯಾವುದೂ ನಿಂತಿರಲಿಲ್ಲ. ತೊಂದರೆ ಇದ್ದದ್ದು ಚಿತ್ರ ನಿಲ್ಲಿಸುವ ಈಸೆಲ್ ಮುಂದೆ ಮಾತ್ರ.

ಕೆರೆಯದೆ ಉಳಿಸಿದ ಚಿತ್ರವೊಂದಿದ್ದರೆ ಮುಂದಿನ ಭೇಟಿಗೆ ತನ್ನಿ ಎಂದೆ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ತಂದರು. ಬಿಚ್ಚಲು ಹೋದರೆ ಕಾಗದ ಬಣ್ಣಕ್ಕೆ ಅಂಟಿಕೊಂಡಿತ್ತು. ಮೆಲ್ಲಗೆ ಸುಲಿದಾಗ ಒಳಗೊಂದು ಹಿತ್ತಾಳೆ ಚೊಂಬು, ಪಕ್ಕದಲ್ಲಿ ಎರಡು ನಿಂಬೆಹಣ್ಣು. ಚೊಂಬಿನ ಹೊಟ್ಟೆಯ ಮೇಲೆ ಯಾವುದೋ ಜಾಹೀರಾತಿನ ಅಕ್ಷರಗಳು ತಿರುವುಮುರುವಾಗಿ ಅಚ್ಚೊತ್ತಿದ್ದವು. ನನಗೆ ನಗು ಬಂದಿತ್ತು, ತಡೆದುಕೊಂಡೆ. ಶಾರದಮ್ಮ ಆಗಲೇ ಉಗುರಿನಿಂದ ಅಕ್ಷರಗಳನ್ನು ಕೆರೆಯತೊಡಗಿದ್ದರು. ಮೇಲಿನ ಹಳದಿ ಕೆಳಗಿನ ಹಸಿ ಕಂದಿನೊಡನೆ ಕಲೆಸಿ, ಹೊಳಪಿಗೆಂದು ಇಟ್ಟಿದ್ದ ಬಿಳಿಯೂ ಅದರಲ್ಲಿ ಸೇರಿ, ನೋಡನೋಡುತ್ತಿದ್ದಂತೆ ಅಲ್ಲಿ ಬೂದು ರಾಡಿಯೊಂದು ಎದ್ದಿತು. "ಬಿಡಿ, ಒಣಗಲಿ, ಆಮೇಲೆ ಸರಿಪಡಿಸಬಹುದು" ಎಂದೆ.

"ಒಣಗುವ ತನಕ ನಾನೇನು ಮಾಡಲಿ ಮೇಡಂ?" ಎಂದರು. ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. "ಸರ್ವೀಸಿನುದ್ದಕ್ಕೂ ಲೆಕ್ಕ ತಾಳೆಯಾಗದೆ ಮನೆಗೆ ಹೋದವಳಲ್ಲ ನಾನು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಎಲ್ಲರನ್ನೂ ಕೂರಿಸಿಕೊಂಡು ಹುಡುಕಿಸಿದ್ದೇನೆ. ಈಗ ಇದನ್ನು ಅರ್ಧಕ್ಕೆ ಬಿಟ್ಟು ಮಲಗು ಅಂದರೆ ಹೇಗೆ ಮಲಗಲಿ?"

ಉಳಿದ ಸಮಯವನ್ನೆಲ್ಲ ಆ ಪ್ರಶ್ನೆಗೇ ಕೊಟ್ಟೆವು. ದಿನದ ಲೆಕ್ಕವನ್ನು ದಿನಕ್ಕೇ ಮುಗಿಸುವುದು ಅವರ ವೃತ್ತಿಯಲ್ಲಿ ದೊಡ್ಡ ಗುಣ. ಅವರಿಗೆ ಸಿಕ್ಕ ಗೌರವವೆಲ್ಲ ಅದರಿಂದಲೇ ಬಂದದ್ದು. ತೈಲವರ್ಣ ಮಾತ್ರ ಆ ಗುಣಕ್ಕೆ ಬಗ್ಗುವುದಿಲ್ಲ. ಜಲವರ್ಣದಲ್ಲಿ ನೀರು ಆರಿದರೆ ಬಣ್ಣ ನಿಲ್ಲುತ್ತದೆ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆ ಆರಿಹೋಗುವಂಥದ್ದಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅಂಬರ್‌ನಂಥ ಮಣ್ಣಿನ ಬಣ್ಣವಾದರೆ ಒಂದೆರಡು ದಿನ, ಬಿಳಿಗೆ ಇನ್ನೂ ಹೆಚ್ಚು, ದಪ್ಪಗೆ ಹಚ್ಚಿದರೆ ತಿಂಗಳುಗಳೇ ಬೇಕು. ವಾರ್ನಿಶ್ ಹಚ್ಚಲು ಆರು ತಿಂಗಳಾದರೂ ಕಾಯಬೇಕೆಂದು ಗುರುಗಳೇ ಹೇಳಿದ್ದರಂತೆ. ಶಾರದಮ್ಮ ಇದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡಿದ್ದರು, ರಾತ್ರಿ ಹನ್ನೆರಡಕ್ಕೆ ಅದೇ ಹಸಿ ಬಣ್ಣದ ಮೇಲೆ ಮತ್ತೆ ಕುಂಚ ಆಡಿಸುತ್ತಲೂ ಇದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಚಿತ್ರಕಲೆಯನ್ನು ಬಿಡಬಾರದು. ಒಂದರ ಬದಲು ಮೂರು ಚಿಕ್ಕ ಕ್ಯಾನ್ವಾಸುಗಳನ್ನು ಒಟ್ಟಿಗೆ ಇಟ್ಟುಕೊಂಡು, ಒಂದರ ಪದರ ಹಸಿಯಿದ್ದಾಗ ಅದನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಇನ್ನೊಂದಕ್ಕೆ ಕೈ ಹಾಕಬೇಕು. ದೀಪ ಹಚ್ಚುವ ಹೊತ್ತಿಗೆ ಕುಂಚ ತೊಳೆದಿಡಬೇಕು. ಆಮೇಲೆ ಏನು ತಪ್ಪು ಕಂಡರೂ ಅದನ್ನು ಚೀಟಿಯಲ್ಲಿ ಬರೆದು ಕ್ಯಾನ್ವಾಸಿನ ಹಿಂಬದಿಗೆ ಸಿಕ್ಕಿಸಬಹುದೇ ಹೊರತು ಕೆರೆಯುವ ಚಾಕುವನ್ನು ಮುಟ್ಟುವಂತಿಲ್ಲ. ಗೃಹಪ್ರವೇಶಕ್ಕೆ ಚಿತ್ರ ಕೊಡಲಾಗದೆಂದು ಮಗನಿಗೆ ಅವರೇ ತಿಳಿಸಬೇಕು. ಯಜಮಾನರಿಗೆ ಹೇಳಿದ್ದು ಒಂದೇ ಮಾತು, "ಮುಗಿಯಿತಾ?" ಎಂದು ಕೇಳಬೇಡಿ.

ಇದು ಡ್ರಾಯಿಂಗ್ ಮೇಷ್ಟರ ಮಾತಾಯಿತು, ಆಪ್ತಸಲಹೆಯಾಗಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬಾಲ್ಯವನ್ನು ಕೆದಕಬೇಕಿತ್ತು, ಪರಿಪೂರ್ಣತೆಯ ಹಂಬಲ ಎಲ್ಲಿಂದ ಬಂತೆಂದು ನೋಡಬೇಕಿತ್ತು ಎಂಬುದು ಅವರ ವಾದ. ನಾನು ಒಪ್ಪುವುದಿಲ್ಲ. ಹಂಬಲದ ಮೂಲ ಗೊತ್ತಾದ ಮಾತ್ರಕ್ಕೆ ರಾತ್ರಿ ಹನ್ನೆರಡಕ್ಕೆ ಕೈ ಸುಮ್ಮನಿರುವುದಿಲ್ಲ. ಅರವತ್ತರ ಹತ್ತಿರದಲ್ಲಿರುವವರಿಗೆ ಅವರ ಗುಣವನ್ನು ರೋಗವೆಂದು ತೋರಿಸಿಕೊಡುವುದಕ್ಕಿಂತ, ಆ ಗುಣಕ್ಕೆ ಸಂಜೆಯೊಳಗೆ ಮುಗಿಯುವಂಥ ಕೆಲಸವೊಂದನ್ನು ಒದಗಿಸುವುದು ಹೆಚ್ಚು ಮರ್ಯಾದೆಯ ದಾರಿ ಎಂಬುದು ನನ್ನ ನಂಬಿಕೆ. ಚೀಟಿ ಬರೆದಿಟ್ಟರೆ ಆ ದಿನದ ಲೆಕ್ಕ ಮುಗಿದಂತೆ.

ಮಗ ಕಳಿಸುತ್ತಿದ್ದ ಸಮಾಧಾನದ ಸಂದೇಶಗಳ ಬಗ್ಗೆಯೂ ಹೇಳಬೇಕು. ತಡವಾಗಿ ಕುಂಚ ಹಿಡಿದು ಹೆಸರಾದವರ ಉದಾಹರಣೆಗಳೇ ಅವುಗಳಲ್ಲಿ. ವ್ಯಾನ್ ಗೋ ಚಿತ್ರಕಾರನಾಗಲು ನಿರ್ಧರಿಸಿದ್ದು 27ನೇ ವಯಸ್ಸಿನಲ್ಲಿ, 1880ರಲ್ಲಿ ಎಂಬುದು ನಿಜ. ಆದರೆ 1890ರಲ್ಲಿ ಸಾಯುವವರೆಗೂ ಆತ ಬೇರೆ ಕಸುಬನ್ನೇ ಹಿಡಿಯಲಿಲ್ಲ. ನಮ್ಮ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಚಳವಳಿ, ರಾಜಕಾರಣಗಳ ನಂತರ ನಡುವಯಸ್ಸಿನಲ್ಲಿ ಕುಂಚ ಹಿಡಿದದ್ದೂ ನಿಜ. ಆದರೆ ಅವರು ಯೌವನದಲ್ಲಿ ಕಲಿತಿದ್ದ ವಿದ್ಯೆಗೆ ಮರಳಿದವರು. ಇಂಥ ಹೆಸರುಗಳನ್ನು ಹೇಳಿ ಧೈರ್ಯ ತುಂಬುವುದೆಂದರೆ, ಕಲಿಯುವವರ ತಲೆಯ ಮೇಲೆ ಇನ್ನೊಂದು ಗಡುವನ್ನು ಹೇರಿದಂತೆಯೇ. ಹೊಸಬರ ಕಣ್ಣು ಅರವತ್ತು ವರ್ಷ ನೋಡಿ ಪಳಗಿರುತ್ತದೆ, ಕೈಗೆ ಇನ್ನೂ ವರ್ಷ ತುಂಬಿರುವುದಿಲ್ಲ. ಮನೆಯವರು ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಎಲ್ಲರಿಗೂ ಈ ಸಲಹೆ ಹೊಂದುವುದಿಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಚಿತ್ರವಷ್ಟೇ ಅಲ್ಲದೆ ಊಟ, ಮಾತು, ಮನೆಮಂದಿ ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಶಾರದಮ್ಮನವರು ಮುಂದೆ ಬಂದಾಗ ರಾತ್ರಿ ಕೆರೆಯುವುದು ಬಹುಮಟ್ಟಿಗೆ ನಿಂತಿತ್ತು. ಒಮ್ಮೆ ಮಾತು ಮೀರಿದೆನೆಂದು ತಾವೇ ಹೇಳಿದರು. ಮಗನಿಗೆ, "ವಾರ್ನಿಶ್ ಆಗುವ ತನಕ ಕೊಡುವುದಿಲ್ಲ, ಗೋಡೆಗೆ ಸದ್ಯ ಕ್ಯಾಲೆಂಡರ್ ಹಾಕಿಕೋ" ಎಂದಿದ್ದಾರಂತೆ. ಅವನಿಗೆ ಸ್ವಲ್ಪ ಬೇಸರವಾಗಿದೆ. ಅದನ್ನು ತಾಯಿ ಮಗನೇ ಬಗೆಹರಿಸಿಕೊಳ್ಳುತ್ತಾರೆಂದು ನಾನು ಕಡತ ಮುಚ್ಚಿದೆ.