ಬಿದ್ದ ಗೋಡೆಗೆ ಎರಡು ಪುಟ ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಚಾರ್ಲ್‌ಸ್ಟನ್ ಊರಿನ 1938ರ ಸುಂಟರಗಾಳಿ ಫೋಟೋಗಳಿಗೆ ಎರಡು ಪುಟ ಕೊಟ್ಟಿದ್ದೀರಿ. 32 ಜನ ಸತ್ತರು ಅಂತ ಒಂದೇ ಸಾಲು. ಉಳಿದದ್ದೆಲ್ಲ ಚಾವಣಿ, ಕಂಬ, ಗೋಡೆ. ಇಟ್ಟಿಗೆಗೆ ಇಷ್ಟು ಕಣ್ಣೀರೇ?
— ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಜೀವ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ ಮೇಡಂ. ಆದರೆ ಆ 32 ಜನರ ಸುದ್ದಿ ಇಷ್ಟು ವರ್ಷದ ಮೇಲೆ ನಿಮ್ಮ ಮನೆ ತನಕ ಬಂದದ್ದು ಅದೇ ಗೋಡೆಗಳ ಫೋಟೋ ಜೊತೆಗೆ ಅಲ್ವಾ? ಗಾಳಿ ಬಡಿದದ್ದು ಸೆಪ್ಟೆಂಬರ್ 29ರ ಬೆಳಿಗ್ಗೆ. ಅವತ್ತೇ ಮ್ಯೂನಿಕ್‌ನಲ್ಲಿ ಹಿಟ್ಲರ್, ಬ್ರಿಟನ್ ಪ್ರಧಾನಿ ಚೇಂಬರ್ಲಿನ್ ಕೂತು ಚೆಕೊಸ್ಲೊವಾಕಿಯಾ ಹಂಚುತ್ತಿದ್ದರು. ಎಂಟು ದಿನದ ಹಿಂದೆ ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರದೇಶಕ್ಕೆ ದೊಡ್ಡ ಚಂಡಮಾರುತ ಬೇರೆ ಅಪ್ಪಳಿಸಿತ್ತು. ಇದರ ಮಧ್ಯೆ ದಕ್ಷಿಣದ ಒಂದು ಊರಲ್ಲಿ ಮಾರ್ಕೆಟ್ ಶೆಡ್ ಬಿತ್ತು ಅಂದರೆ ಯಾರು ಕೇಳಬೇಕು?

ಇನ್ನು ಇಟ್ಟಿಗೆ ವಿಷಯ. ನಿಂತ ಕಟ್ಟಡ ತನ್ನ ಒಳಗುಟ್ಟು ಬಿಡೋದಿಲ್ಲ. ಗಾರೆ ಉದುರಿದಾಗಲೇ ಇಟ್ಟಿಗೆ ಹೇಗೆ ಜೋಡಿಸಿದ್ದಾರೆ, ತೊಲೆ ಗೋಡೆಯೊಳಗೆ ಎಷ್ಟು ಕೂತಿದೆ ಅಂತ ಕಾಣೋದು. ರಿಪೇರಿಗೆ ಬರೋ ಮೇಸ್ತ್ರಿಗೆ ಅದೇ ಬೇಕು. ಚಾರ್ಲ್‌ಸ್ಟನ್‌ನವರಿಗೆ ಇದು ಹೊಸದೇನಲ್ಲ. 1886ರ ಭೂಕಂಪ ಆದ ಮೇಲೆ ಮನೆಗಳ ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹಾಯಿಸಿ ಬಿಗಿದರು, ಹೊರಗೆ ಆ ಸರಳಿನ ತುದಿಯ ಬಿಲ್ಲೆಗಳು ಈಗಲೂ ಕಾಣುತ್ತವೆ. ಹಳೇ ಬಡಾವಣೆ ಕಾಪಾಡೋಕೆ ಅಮೆರಿಕದಲ್ಲೇ ಮೊದಲು, 1931ರಲ್ಲೇ, ಕಾನೂನು ತಂದ ಊರು ಅದು.

2021ರ ಡಿಸೆಂಬರ್‌ನಲ್ಲಿ ಅಮೆರಿಕದ ಕೆಂಟಕಿ ರಾಜ್ಯಕ್ಕೆ ಸುಂಟರಗಾಳಿ ಬಂತಲ್ಲ, ಆಗ ಮೇಫೀಲ್ಡ್ ಊರಿನ ಹಳೇ ಕೋರ್ಟ್ ಕಟ್ಟಡದ ಗೋಪುರವೇ ಹೋಯಿತು. ಅದೇ ರಾತ್ರಿ ಅದೇ ರಾಜ್ಯದ ಡಾಸನ್ ಸ್ಪ್ರಿಂಗ್ಸ್ ಊರಿನ ಯಾರದೋ ಮನೆಯ ಕಪ್ಪು-ಬಿಳುಪು ಫೋಟೋವೊಂದು ಸುಮಾರು 200 ಕಿಲೋಮೀಟರ್ ಹಾರಿ ಪಕ್ಕದ ಇಂಡಿಯಾನಾ ರಾಜ್ಯದ ಒಂದು ಕಾರಿನ ಗಾಜಿಗೆ ಅಂಟಿಕೊಂಡಿತ್ತು. ಅದು ಯಾವ ಮನೆಯವರದು ಅಂತ ಪತ್ತೆಯೂ ಆಯಿತು. ಹೇಗೆ? ಹಿಂದುಗಡೆ ಹೆಸರು, 1942 ಅಂತ ಇಸವಿ ಬರೆದಿದ್ದರು, ಅಷ್ಟೇ.

ನನ್ನ ಸಂಕಟ ಇರೋದೇ ಇಲ್ಲಿ. ನಮ್ಮ ಹಂಪಿಯನ್ನು 1856ರಲ್ಲೇ ಗ್ರೀನ್‌ಲಾ ಅನ್ನೋ ಸೈನ್ಯದ ಅಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟ. ಯಾವ ಮಂಟಪ ಆಗ ಹೇಗಿತ್ತು, ಈಗ ಎಷ್ಟು ಉಳಿದಿದೆ ಅಂತ ಪಕ್ಕಪಕ್ಕ ಇಟ್ಟು ನೋಡಬಹುದು. ನಾವು? ಕೈಯಲ್ಲೊಂದು ಫೋನ್, ಅದರಲ್ಲಿ ಸಾವಿರಾರು ಫೋಟೋ. ಕಲ್ಲಿನ ರಥದ ಮುಂದೆ ನಿಂತರೂ ಮುಕ್ಕಾಲು ಪಾಲು ನಮ್ಮದೇ ಮುಖ, ರಥ ಕಿವಿ ಹಿಂದೆ ಎಲ್ಲೋ ಇರುತ್ತದೆ. ಅಜ್ಜನ ತೊಟ್ಟಿಮನೆ ಕೆಡವುವ ದಿನ ಜೆಸಿಬಿ ವಿಡಿಯೋ ಮಾತ್ರ ತಪ್ಪದೆ ಸ್ಟೇಟಸ್‌ಗೆ ಬರುತ್ತದೆ. ಅದರ ಬಾಗಿಲು, ಪಡಸಾಲೆ, ಕಂಬದ ಒಂದು ನೆಟ್ಟಗಿನ ಫೋಟೋ ಕೇಳಿ ನೋಡಿ, ಇರೋದಿಲ್ಲ. ಇದ್ದರೂ ಯಾವ ಊರು, ಯಾವ ವರ್ಷ ಅಂತ ಬರೆದಿರೋದಿಲ್ಲ.

ಇಷ್ಟು ಗಮನವಿಟ್ಟು ಓದಿ ಜಗಳಕ್ಕೆ ಬಂದಿದ್ದೀರಿ, ಹಾಗಾಗಿ ನಿಮಗೇ ಒಂದು ಕೆಲಸ ಹಚ್ಚುತ್ತೇನೆ. ಮನೆಯ ಹಳೇ ಟ್ರಂಕ್ ತೆಗೆದು ನಿಮ್ಮ ಓಣಿಯ ಕಟ್ಟಡ ಇರೋ ಫೋಟೋ ಹುಡುಕಿ ಕಳಿಸಿ. ಹಿಂದೆ ಓಣಿ ಹೆಸರು, ಇಸವಿ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತಿ ಬರೆದರೆ ಮುಂದೆ ಅಚ್ಚು ಮೂಡುತ್ತದೆ. ಮೆತ್ತನೆ ಪೆನ್ಸಿಲ್ ಸಾಕು.