ಓದುಗರ ಪ್ರಶ್ನೆ: ತೊಳೆದ ಪಾತ್ರೆಯಲ್ಲೂ ಬಿಯರ್ ಹುಳಿಯಾಗುವುದೇಕೆ?

ಪ್ರಶ್ನೆ: ಮನೆಯಲ್ಲೇ ಬಿಯರ್ ತಯಾರಿಸುವುದು ನನ್ನ ಹವ್ಯಾಸ. ಹುದುಗು ಬರಿಸಲು ಕೆಳಭಾಗದಲ್ಲಿ ನಲ್ಲಿಯಿರುವ 25 ಲೀಟರಿನ ಪ್ಲಾಸ್ಟಿಕ್ ಬಕೆಟ್ ಬಳಸುತ್ತೇನೆ. ಪ್ರತಿ ಸಲವೂ ಅದನ್ನು ಬಿಸಿನೀರಿನಲ್ಲಿ ತೊಳೆದು, ಆಮ್ಲದ ಸ್ಯಾನಿಟೈಸರನ್ನು ಸೂಚನೆಯಂತೆಯೇ ಬೆರೆಸಿ ಹಾಕುತ್ತೇನೆ. ಆದರೂ ಕಳೆದ ಮೂರು ಸಲವೂ ಬಾಟಲಿಗೆ ತುಂಬುವ ದಿನ ಚೆನ್ನಾಗಿಯೇ ಇದ್ದ ಬಿಯರ್ ಮೂರ್ನಾಲ್ಕು ವಾರಗಳಲ್ಲಿ ಹುಳಿಯಾಗಿದೆ. ಯಾವ ಬಾಟಲಿ ತೆರೆದರೂ ನೊರೆ ಉಕ್ಕಿ ಚೆಲ್ಲುತ್ತದೆ. ಸ್ಯಾನಿಟೈಸರನ್ನು ಎರಡರಷ್ಟು ಹಾಕಿ ನೋಡಿದರೂ ಪ್ರಯೋಜನವಾಗಲಿಲ್ಲ. ದೋಷ ಎಲ್ಲಿದೆ?

ಉತ್ತರ: ನೀವು ಬರೆದಿರುವ ವಿವರಗಳಲ್ಲೇ ಉತ್ತರದ ಬಹುಭಾಗ ಅಡಗಿದೆ. ಸೋಂಕು ಬಕೆಟ್ಟಿನ ಗೋಡೆಯಲ್ಲೇ ಇದ್ದಿದ್ದರೆ ಬಾಟಲಿಗೆ ತುಂಬುವ ಮೊದಲೇ ರುಚಿಯಲ್ಲಿ ವ್ಯತ್ಯಾಸವೋ, ಮೇಲೆ ಸುಕ್ಕುಗಟ್ಟಿದ ಬಿಳಿ ಪೊರೆಯೋ ಕಾಣಿಸಿಕೊಳ್ಳುವ ಸಂಭವವಿತ್ತು. ಬಾಟಲಿಗಳು ಕೊಳೆಯಾಗಿದ್ದರೆ ಕೆಲವು ಕೆಟ್ಟು ಉಳಿದವು ಸರಿಯಾಗಿರುತ್ತಿದ್ದವು. ನಿಮ್ಮಲ್ಲಿ ಎಲ್ಲವೂ ಕೆಟ್ಟಿವೆ, ಅದೂ ತುಂಬಿದ ನಂತರ. ಅಂದರೆ ಬಿಯರಿನ ಪ್ರತಿ ಹನಿಯೂ ಆ ದಿನ ಹಾದುಹೋದ ದಾರಿಯನ್ನು ಅನುಮಾನಿಸಬೇಕು. ಆ ದಾರಿಯೆಂದರೆ ನಲ್ಲಿ, ಮತ್ತು ಅದಕ್ಕೆ ಸಿಕ್ಕಿಸುವ ಕೊಳವೆ.

ಈ ನಲ್ಲಿಯನ್ನು ಬಿಚ್ಚಿ ತೊಳೆಯಬೇಕೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಹೊರಗಿನಿಂದ ಫಳಫಳ ಹೊಳೆಯುತ್ತಿದ್ದರೂ ತಿರುಗುವ ಭಾಗ ಮತ್ತು ಅದರ ಕವಚದ ನಡುವೆ, ವಾಷರಿನ ಹಿಂದೆ, ತಿರುಪಿನ ಸುತ್ತುಗಳಲ್ಲಿ ಹಳೆಯ ಬಿಯರ್ ಮತ್ತು ಯೀಸ್ಟಿನ ಗಸಿ ಸೇರಿಕೊಂಡಿರುತ್ತದೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯನ್ನು ಈ ನಲ್ಲಿಯನ್ನು ನೋಡಿಯೇ ಕಟ್ಟಿರಬೇಕು. ಆ ಗಸಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್‌ನಂಥ ಬ್ಯಾಕ್ಟೀರಿಯಾಗಳೂ ಕಾಡು ಯೀಸ್ಟುಗಳೂ ಲೋಳೆ ಪದರ ಕಟ್ಟಿಕೊಂಡು ಬದುಕುತ್ತವೆ. ಹುಳಿ ತರುವುದು ಮುಖ್ಯವಾಗಿ ಈ ಬ್ಯಾಕ್ಟೀರಿಯಾಗಳು. ನೀವು ಹಾಕಿದ ಯೀಸ್ಟಿಗೆ ದಕ್ಕದ ಸಕ್ಕರೆಗಳನ್ನೂ ತಿಂದು ಹೆಚ್ಚುವರಿ ಅನಿಲ ಹುಟ್ಟಿಸಿ ಬಾಟಲಿ ಉಕ್ಕುವಂತೆ ಮಾಡುವಲ್ಲಿ ಕಾಡು ಯೀಸ್ಟುಗಳ ಪಾಲು ದೊಡ್ಡದು. ಹೀಗೆ ಅತಿಯಾಗಿ ಉಕ್ಕುವ ಬಾಟಲಿ ಒತ್ತಡ ತಾಳದೆ ಸಿಡಿಯಲೂಬಹುದಾದ್ದರಿಂದ, ಉಳಿದವನ್ನು ತಣ್ಣಗೆ ಮಾಡಿ, ಬಟ್ಟೆ ಸುತ್ತಿ, ಕಣ್ಣಿಗೆ ರಕ್ಷಣೆ ಇಟ್ಟುಕೊಂಡು ತೆರೆಯಿರಿ.

ಸ್ಯಾನಿಟೈಸರ್ ಎರಡರಷ್ಟಾದರೂ ಫಲ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಕೊಳೆ ತೆಗೆಯುವುದು ಒಂದು ಕೆಲಸ, ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಇನ್ನೊಂದು. ಸ್ಯಾನಿಟೈಸರ್ ತಾನು ಮುಟ್ಟಿದ ಜೀವಿಗಳನ್ನಷ್ಟೇ ಕೊಲ್ಲಬಲ್ಲದು. ಗಸಿಯ ಅಡಿಯಲ್ಲಿ ಕುಳಿತವನ್ನು ಅದು ಮುಟ್ಟುವುದೇ ಇಲ್ಲ. ಎರಡನೆಯದರ ಮೇಲಿನ ನಂಬಿಕೆಯಿಂದ ಮೊದಲನೆಯದನ್ನು ಅವಸರದಲ್ಲಿ ಮುಗಿಸುವುದೇ ಹವ್ಯಾಸಿಗಳ ದೊಡ್ಡ ತಪ್ಪೆಂದು ನಾನು ತಿಳಿದಿದ್ದೇನೆ.

ಆದ್ದರಿಂದ ನಲ್ಲಿಯನ್ನು ಬಕೆಟ್ಟಿನಿಂದ ಕಳಚಿ, ಅದರ ಭಾಗಗಳನ್ನು ಬೇರ್ಪಡಿಸಿ, ವಾಷರುಗಳ ಸಮೇತ ಸೋಡಿಯಂ ಪರ್‌ಕಾರ್ಬೊನೇಟಿನ ದ್ರಾವಣದಲ್ಲಿ ಮುಳುಗಿಸಿಡಿ. ಈ ಪುಡಿ ನೀರಿನಲ್ಲಿ ಕರಗಿದಾಗ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ಬಿಡುಗಡೆಯಾಗುತ್ತವೆ. ಕ್ಷಾರವು ಜಿಡ್ಡನ್ನು ಸಡಿಲಿಸಿದರೆ ಪೆರಾಕ್ಸೈಡು ಒಣಗಿ ಅಂಟಿದ ಪದಾರ್ಥವನ್ನು ಒಡೆಯುತ್ತದೆ. ತಣ್ಣೀರಿನಲ್ಲಿ ಇದು ನಿಧಾನ, 50ರಿಂದ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚುರುಕು. ಬಕೆಟ್ಟಿಗೂ ಇದೇ ದ್ರಾವಣ ಸಾಕು. ಆದರೆ ಒರಟು ನಾರಿನಿಂದ ಉಜ್ಜಬೇಡಿ, ಮೆತ್ತನೆಯ ಬಟ್ಟೆ ಬಳಸಿ. ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಒಂದೊಂದು ಗೀರೂ ಸೂಕ್ಷ್ಮಜೀವಿಗಳಿಗೆ ಒಂದೊಂದು ಬಿಲ. ನಂತರ ಚೆನ್ನಾಗಿ ಗಲಬರಿಸಿ, ಭಾಗಗಳನ್ನು ಜೋಡಿಸುವ ಮುನ್ನವೇ ಸ್ಯಾನಿಟೈಸರಿನಲ್ಲಿ ಅದ್ದಿ. ಮೂರು ಸಲ ಸೋಂಕು ಕಂಡ ಕೊಳವೆ ಮತ್ತು ವಾಷರುಗಳನ್ನಂತೂ ಉಳಿಸಿಕೊಳ್ಳುವ ಆಸೆ ಬಿಡಿ. ಬಕೆಟ್ಟಿನ ಒಳಮೈಯಲ್ಲಿ ಉಗುರಿಗೆ ತಾಗುವಂಥ ಗೀರುಗಳಿದ್ದರೆ ಅದನ್ನೂ ಬೇರೆ ಕೆಲಸಕ್ಕೆ ಹಚ್ಚಿ.

ಪ್ರಶ್ನೆ: ಸ್ಯಾನಿಟೈಸರಿನ ಬದಲು ಬ್ಲೀಚ್ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ನಾನಾಗಿ ಯಾರಿಗೂ ಸಲಹೆ ಮಾಡುವುದಿಲ್ಲ. ಸುವಾಸನೆಯಿಲ್ಲದ, ಸುಮಾರು ಶೇ. 5ರ ಬ್ಲೀಚನ್ನು ಲೀಟರ್ ತಣ್ಣೀರಿಗೆ 4 ಮಿಲಿಲೀಟರಿನಂತೆ ಬೆರೆಸಿ 20 ನಿಮಿಷ ಬಿಟ್ಟರೆ ಗಾಜು, ಪ್ಲಾಸ್ಟಿಕ್ ಪಾತ್ರೆಗಳ ಕೆಲಸವೇನೋ ಆಗುತ್ತದೆ. ತೊಂದರೆ ಇರುವುದು ಅನಂತರ. ಕ್ಲೋರಿನ್ ಸ್ವಲ್ಪ ಉಳಿದರೂ ಅದು ಬಿಯರಿನಲ್ಲಿರುವ ಫೀನಾಲುಗಳೊಡನೆ ಸೇರಿ ಕ್ಲೋರೊಫೀನಾಲ್ ಆಗುತ್ತದೆ. ಅತ್ಯಲ್ಪ ಪ್ರಮಾಣದಲ್ಲಿದ್ದರೂ ಆಸ್ಪತ್ರೆಯ ಔಷಧದಂಥ ಆ ವಾಸನೆ ಮೂಗಿಗೆ ಹೊಡೆಯುತ್ತದೆ. ಆದ್ದರಿಂದ ಕುದಿಸಿ ಆರಿಸಿದ ನೀರಿನಿಂದ ಹಲವು ಸಲ ಗಲಬರಿಸಬೇಕಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಗೆ ಬ್ಲೀಚ್ ಬೇಡವೇ ಬೇಡ. ಅದು ಉಕ್ಕಿನಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಪರಿಣಾಮ ಹೆಚ್ಚಲೆಂದು ವಿನೆಗರನ್ನೋ ಬೇರೆ ಆಮ್ಲವನ್ನೋ ಬ್ಲೀಚಿಗೆ ಎಂದಿಗೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಪ್ರಶ್ನೆ: ಆಮ್ಲದ ಸ್ಯಾನಿಟೈಸರ್ ಹಾಕಿದ ಮೇಲೆ ಪಾತ್ರೆಯಲ್ಲಿ ರಾಶಿ ನೊರೆ ಉಳಿಯುತ್ತದೆ. ನೀರಿನಿಂದ ತೊಳೆಯಲೇ?

ಉತ್ತರ: ಬೇಡ. ತೊಳೆಯುವ ಅಗತ್ಯವಿಲ್ಲದ ಬಗೆಯದೆಂದು ಡಬ್ಬಿಯ ಮೇಲೆ ನಮೂದಾಗಿದ್ದು, ಅಳತೆ ಮೀರದೆ ಬೆರೆಸಿದ್ದರೆ ನೀರನ್ನು ಬಸಿದು ಹಾಗೆಯೇ ಬಿಡಿ. ಅಂಥ ದ್ರಾವಣ ಕೊಲ್ಲುವುದು ಅದರ ಪಿಎಚ್ ಸುಮಾರು 3ಕ್ಕಿಂತ ಕೆಳಗಿರುವವರೆಗೆ. ಮೇಲೆ ಇಪ್ಪತ್ತು ಲೀಟರ್ ಬಿಯರ್ ಬಿದ್ದಾಗ ಉಳಿದ ನೊರೆ ಶಕ್ತಿಗುಂದುತ್ತದೆ, ಯೀಸ್ಟಿಗೆ ತೊಂದರೆಯಾಗದು. ಕುದಿಸದ ನೀರಿನಿಂದ ಗಲಬರಿಸಿದರೆ ಕಷ್ಟಪಟ್ಟು ಓಡಿಸಿದವರನ್ನು ಮರಳಿ ಕರೆದಂತೆ. ಪ್ರಮಾಣವನ್ನು ಎರಡರಷ್ಟು ಮಾಡುವ ಮೇಲಿನ ಓದುಗರ ಅಭ್ಯಾಸ ಮಾತ್ರ ಇಲ್ಲಿ ಸಲ್ಲದು.

ಪ್ರಶ್ನೆ: ಕಿರಿದಾದ ಬಾಯಿಯ ಗಾಜಿನ ಜಾಡಿಯಲ್ಲಿ ನೊರೆ ಒಣಗಿ ಕಂದು ಬಣ್ಣದ ಬಳೆಯಂತೆ ಅಂಟಿಕೊಂಡಿದೆ. ಕುದಿಯುವ ನೀರು ಹಾಕಿದರೆ ಬಿಡುವುದೇ?

ಉತ್ತರ: ಬಳೆ ಬಿಡುವ ಮೊದಲು ಜಾಡಿಯೇ ಬಿರಿಯಬಹುದು, ಸಾಮಾನ್ಯ ಗಾಜು ಉಷ್ಣತೆಯ ಹಠಾತ್ ಏರಿಳಿತವನ್ನು ತಾಳದು. ಉಗುರುಬೆಚ್ಚಗಿನ ನೀರಿನಲ್ಲಿ ಪರ್‌ಕಾರ್ಬೊನೇಟ್ ಕರಗಿಸಿ ಬಳೆಗಿಂತ ಮೇಲಕ್ಕೆ ಬರುವಂತೆ ತುಂಬಿ ಒಂದು ರಾತ್ರಿ ಬಿಡಿ. ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿ, ಆಮ್ಲಜನಕ ಬಿಡುಗಡೆಯಾಗಿ ಒತ್ತಡ ಏರುತ್ತದೆ. ಗಡಸು ನೀರಿನಿಂದಾಗಿ ಬಿಳಿ ಪುಡಿಯಂಥ ಲೇಪ ಉಳಿದರೆ, ದ್ರಾವಣವನ್ನು ಪೂರ್ತಿ ಚೆಲ್ಲಿ ಗಲಬರಿಸಿದ ನಂತರ ತೆಳು ವಿನೆಗರ್ ಹಾಕಿದರೆ ಕರಗುತ್ತದೆ. ಒದ್ದೆ ಜಾಡಿ ಕೈಯಿಂದ ಜಾರಿ ಒಡೆದು ಆಳವಾದ ಗಾಯಗಳಾಗುವುದುಂಟು. ತುಂಬಿದ ಜಾಡಿಯನ್ನು ಕತ್ತು ಹಿಡಿದು ಎತ್ತದೆ, ಕ್ರೇಟಿನಲ್ಲಿಟ್ಟೇ ಸಾಗಿಸಿ.