ವೈದ್ಯಕೀಯ ಹಿನ್ನೆಲೆ ಇಲ್ಲದವರಿಗೆ ತುರ್ತು ಸ್ಪಂದನೆಯ ತರಬೇತಿ

ಹರಿಹರದಲ್ಲಿ ಅಂಗಡಿ ನಡೆಸುವ, ನಲವತ್ತೈದು ದಾಟಿದ ತಾವು, ವೈದ್ಯಕೀಯ ಹಿನ್ನೆಲೆಯಿಲ್ಲದೆ ವಿಪತ್ತು ಸ್ಪಂದನೆಯ ತರಬೇತಿ ಪಡೆಯಬಹುದೇ, ಹೆದ್ದಾರಿಯಲ್ಲಿ ಗಾಯಾಳುಗಳಿಗೆ ನೆರವಾದರೆ ಪೊಲೀಸ್ ತೊಡಕು ಬರುವುದೇ ಎಂದು ಕೇಳಿದ್ದೀರಿ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪ್ದಾ ಮಿತ್ರ’ ಯೋಜನೆಯ 12 ದಿನಗಳ ತರಬೇತಿಯನ್ನು 18ರಿಂದ 40 ವರ್ಷದವರಿಗೆಂದು ರೂಪಿಸಿರುವುದರಿಂದ ಅದು ತಮಗೆ ಒದಗಲಾರದು. ಆದರೆ ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಪ್ರಥಮ ಚಿಕಿತ್ಸಾ ತರಬೇತಿಯನ್ನು ಸಾಮಾನ್ಯರೂ ಪಡೆಯಬಹುದು. ನನ್ನ ಅಭಿಪ್ರಾಯದಲ್ಲಿ ತಮಗೆ ಹೆಚ್ಚು ಉಪಯುಕ್ತವಾದುದೂ ಅದೇ. ರಕ್ತ ಸುರಿಯುವ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯುವುದು, ಉಸಿರಾಟ ನಿಂತ ವಯಸ್ಕರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುವುದು ಓದಿ ಬರುವ ವಿದ್ಯೆಯಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿಯೇ ಕಲಿಯಬೇಕು. ತುಂಗಭದ್ರೆ ಉಕ್ಕಿದಾಗಲಂತೂ ಈಜು ಬಲ್ಲವರೂ ನೀರಿಗೆ ಹಾರದೆ, ದಡದಿಂದಲೇ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು.

ಕಾನೂನಿನ ಅಂಜಿಕೆ ಬೇಡ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು, ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ಸಿವಿಲ್ ಹಾಗೂ ಕ್ರಿಮಿನಲ್ ಹೊಣೆಯಿಂದ ರಕ್ಷಣೆ ನೀಡುತ್ತದೆ. ಮೊದಲು 112 ಅಥವಾ 108ಕ್ಕೆ ಕರೆ ಮಾಡಿರಿ.